ದಫ್ತರ ಯಾರ ಮನೆಯಲ್ಲಿತ್ತು

ಕೊಲ್ಹಾಪುರದ ಶುಕ್ರವಾರ ದರವಾಜಾ ಹತ್ತಿರದ ಜೈನ ಬಸದಿಗೆ ಸೇರಿದ ಒಂದು ಕಲ್ಲಿನ ಮೇಲೆ ಶಕ 1065ರ ದಾನದ ಬರಹವಿದೆ. ಇಸವಿಯ ಲೆಕ್ಕಕ್ಕೆ 1143. ಶಿಲಾಹಾರ ದೊರೆ ವಿಜಯಾದಿತ್ಯ ವಳವಾಡದ ಬೀಡಿನಲ್ಲಿದ್ದಾಗ, ಚಂದ್ರಗ್ರಹಣದ ಹೊತ್ತಿನಲ್ಲಿ, ವಾಸುದೇವ ಎಂಬವನು ಕಟ್ಟಿಸಿದ ಬಸದಿಯ ಪೂಜೆಗೆಂದು ಹಾವಿನ ಹೇರಿಲಗೆ ಎಂಬ ಊರಿನಲ್ಲಿ ಒಂದು ಹೊಲವನ್ನೂ ಒಂದು ಮನೆಯನ್ನೂ ಬಿಟ್ಟುಕೊಟ್ಟ. ಆ ಊರೇ ಇಂದಿನ ಹಾತಕಣಂಗಲೆ ತಾಲೂಕಿನ ಹೇರ್ಲೆ ಎನ್ನುತ್ತಾರೆ. ಶಾಸನದ ಭಾಷೆ ಸಂಸ್ಕೃತ, ಅಕ್ಷರ ಕನ್ನಡ. ಹೊಲ ಕುಂಡಿ ದೇಶದ ಅಳತೆಯಲ್ಲಿ ಕಾಲು ನಿವರ್ತನ, ಮನೆ ಹನ್ನೆರಡು ಮೊಳ. ಕುಂಡಿ ಎಂದರೆ ರಟ್ಟರ ಕುಂಡಿ ಮೂರು ಸಾವಿರ, ಅಂದರೆ ಸವದತ್ತಿ-ಬೆಳಗಾವಿಯ ಸೀಮೆ. ಕೊಲ್ಹಾಪುರದ ಹೊಲ ಅಳೆಯಲು ಬೆಳಗಾವಿ ಕಡೆಯ ಕೋಲು ಬರುತ್ತಿತ್ತು.

ನಾನು ಈ ಶಾಸನವನ್ನು ಓದುವುದು ಇತಿಹಾಸಕಾರನಂತಲ್ಲ, ವಕೀಲನಂತೆ. ಕೊಟ್ಟವನು ಯಾರು, ಪಡೆದವರು ಯಾರು, ಯಾವ ಊರು, ಎಷ್ಟು ನೆಲ, ಯಾವ ಕೋಲಿನಲ್ಲಿ ಅಳೆದದ್ದು, ಯಾವ ದಿನ, ಯಾತಕ್ಕಾಗಿ. ಒಂದು ದಸ್ತಾವೇಜಿನಲ್ಲಿ ನಾನು ಮೊದಲು ಹುಡುಕುವುದೆಲ್ಲ ಇಲ್ಲಿದೆ. ಕಾಗಲ ಹತ್ತಿರದ ಬಾಮಣಿಯಲ್ಲೂ ಇದೇ ದೊರೆಯ ಶಕ 1073ರ ಶಾಸನವಿದೆ. ಅದರಲ್ಲೂ ಕಾಲು ನಿವರ್ತನ ಹೊಲ, ಹನ್ನೆರಡು ಮೊಳದ ಮನೆ, ಜೊತೆಗೆ ಒಂದು ಹೂದೋಟ. ನನ್ನ ಮನಸ್ಸಿನಲ್ಲಿ ನಿಂತಿರುವುದು ಈ ಬರಹಗಳ ಜಾಗ. ಬಸದಿಗೆ ಬಂದವರೆಲ್ಲ ನೋಡುವಂತೆ ಕಲ್ಲು ನಿಲ್ಲಿಸಿದ್ದರು. ಅಕ್ಷರ ಬಲ್ಲವನು ಬಾರದವನಿಗೆ ಓದಿ ಹೇಳಬಹುದಿತ್ತು. ಆ ಹೊಲ ಯಾರದೆಂದು ಕೇಳಲು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿರಲಿಲ್ಲ.

ಗಡಹಿಂಗ್ಲಜದಲ್ಲಿ ವಕೀಲಿ ಮಾಡುತ್ತ ನಾನು ಕೋರ್ಟಿನಲ್ಲಿ ನಿಂತದ್ದಕ್ಕಿಂತ ದಫ್ತರಗಳ ಮುಂದೆ ಕುಳಿತದ್ದೇ ಹೆಚ್ಚು. ಬ್ಯಾಂಕಿನವರು ಸಾಲ ಕೊಡುವ ಮೊದಲು, ಖರೇದಿದಾರರು ಸಂಚಕಾರ ಕೊಡುವ ಮೊದಲು, ಮೂವತ್ತು ವರ್ಷದ ಸರ್ಚ್ ಮಾಡಿ ರಿಪೋರ್ಟ್ ಕೊಡಿ ಎಂದು ಬರುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಉಪನೋಂದಣಿ ಕಚೇರಿಯವರೇ ಇ.ಸಿ. ಕೊಡುತ್ತಾರೆ, ವ್ಯವಹಾರ ಇದ್ದರೆ ಫಾರ್ಮ್ 15, ಇಲ್ಲದಿದ್ದರೆ ಫಾರ್ಮ್ 16. ಮಹಾರಾಷ್ಟ್ರದಲ್ಲಿ ವಾಡಿಕೆ ಬೇರೆ. ವಕೀಲನೇ ಸೂಚಿಗಳನ್ನು ತಿರುವಿ, ತನ್ನ ಸಹಿಯ ಮೇಲೆ ಬರೆದುಕೊಡಬೇಕು. ಹೀಗಾಗಿ ಈ ಸೀಮೆಯ ಕಾಗದಗಳು ನನ್ನ ಕೈ ಹಾದುಹೋಗಿವೆ: ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಅಜ್ಜನ ಕಾಲದ ಕಾಗದ ಮೋಡಿ ಲಿಪಿ. ಇಷ್ಟು ಓದಿದ ಮೇಲೆ ನನಗೆ ಅನಿಸಿರುವುದೇನೆಂದರೆ, ಇಲ್ಲಿನ ಭೂಮಿಯ ಇತಿಹಾಸ ಹೇಳಲು ಆಳಿದವರ ಹೆಸರು ಸಾಲದು. ದಫ್ತರ ಯಾರ ಮನೆಯಲ್ಲಿತ್ತು, ಅದನ್ನು ಓದಬಲ್ಲವರು ಎಷ್ಟು ಜನ ಇದ್ದರು, ಇವೆರಡನ್ನೂ ಕೇಳಬೇಕು.

ಮರಾಠರ ಕಾಲಕ್ಕೆ ಬರುವ ಹೊತ್ತಿಗೆ ದಫ್ತರ ಕುಲಕರ್ಣಿಯ ಮನೆ ಸೇರಿತ್ತು. ಹಳೆ ಮೈಸೂರಿನ ಶಾನಭೋಗ ಮಾಡುತ್ತಿದ್ದ ಕೆಲಸವೇ ಇದು. ವತನದಾರಿಕೆ, ಅಪ್ಪನಿಂದ ಮಗನಿಗೆ. ಊರಿನ ಯಾವ ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಸಾರಾ (ಕಂದಾಯ), ಎಷ್ಟು ಬಾಕಿ ಎಂಬುದೆಲ್ಲ ಬಟ್ಟೆಯಲ್ಲಿ ಕಟ್ಟಿದ ಗಂಟಾಗಿ ಅವನ ಮನೆಯ ಮಾಡದಲ್ಲೋ ಅಟ್ಟದ ಮೇಲೋ ಇರುತ್ತಿತ್ತು. ಬರೆಯುತ್ತಿದ್ದದ್ದು ಮೋಡಿಯಲ್ಲಿ. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಮೊದಲೇ ಗೆರೆ ಎಳೆದು, ಬೋರು (ಲೆಕ್ಕಣಿಕೆ) ಎತ್ತದೆ ಒಂದೇ ಓಟದಲ್ಲಿ ಅಕ್ಷರ ಇಳಿಬಿಡುವ ಬರವಣಿಗೆ. ಪದಗಳ ನಡುವೆ ಜಾಗವಿಲ್ಲ. ಹ್ರಸ್ವ ದೀರ್ಘಗಳಲ್ಲಿ ಭೇದವಿಲ್ಲ. ಕಾಲ ಬರೆಯುವುದು ಫಸಲಿ ಸನದಲ್ಲಿ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ನನಗೆ ಮೋಡಿ ಕಲಿಸಿದವರು ಊರಿನ ಒಬ್ಬ ಹಿರಿಯ ಸ್ಟ್ಯಾಂಪ್ ವೆಂಡರ್. ‘ಅಕ್ಷರ ಓದಬ್ಯಾಡೋ ತಮ್ಮಾ, ಮೊದಲ ಊರು ಓದು, ಆಮ್ಯಾಲ ಹೆಸರು ಓದು, ಅಂದ್ರ ಅಕ್ಷರ ತಾನ ಬರತಾವು’ ಎನ್ನುತ್ತಿದ್ದರು. ಅವರ ಮಾತು ನಿಜ. ಊರಿನ ಮನೆತನಗಳ ಹೆಸರು ಗೊತ್ತಿಲ್ಲದವನಿಗೆ ಆ ಕಾಗದ ಬಾಯಿ ಬಿಡುವುದಿಲ್ಲ. ಗಡಹಿಂಗ್ಲಜ, ಕಾಗಲ, ಶಿರೋಳದ ಕನ್ನಡ ಮಾತಾಡುವ ರೈತನಿಗೆ ಅದು ಎರಡು ಬೀಗ: ಭಾಷೆಯದೊಂದು, ಲಿಪಿಯದೊಂದು. ಎರಡೂ ಕೀಲಿ ಕುಲಕರ್ಣಿಯ ಹತ್ತಿರ.

ದಫ್ತರದ ಜಾಗ ಬದಲಾದರೆ ಏನಾಗುತ್ತದೆ ಎಂಬುದನ್ನು ಗಡಹಿಂಗ್ಲಜದ ನೆತ್ತಿಯ ಮೇಲಿರುವ ಸಾಮಾನಗಡ ನೋಡಿದೆ. ಅಲ್ಲಿನ ಗಡಕರಿಗಳು ಕೋಟೆ ಕಾಯುವ ಚಾಕರಿಗೆ ಪ್ರತಿಯಾಗಿ ಜಮೀನು ಉಣ್ಣುತ್ತಿದ್ದ ವಂಶಪಾರಂಪರ್ಯದ ಕಾವಲುಗಾರರು. 1840ರ ದಶಕದಲ್ಲಿ ಬ್ರಿಟಿಷರು ಕೊಲ್ಹಾಪುರ ಸಂಸ್ಥಾನಕ್ಕೆ ಕಾರಭಾರಿಯಾಗಿ ತಂದಿಟ್ಟ ದಾಜಿ ಕೃಷ್ಣ ಪಂಡಿತ ಆ ಜಮೀನುಗಳ ಆಡಳಿತವನ್ನು ಕೋಟೆಯಿಂದ ತೆಗೆದು ಮಾಮಲೇದಾರನ ಕಚೇರಿಗೆ ಕೊಟ್ಟ. ಹೊಲ ಇನ್ನೂ ಹೋಗಿರಲಿಲ್ಲ. ಹೊಲದ ಲೆಕ್ಕ ಹೋಗಿತ್ತು. ಲೆಕ್ಕ ಹೋದರೆ ಹೊಲವೂ ಹೋಗುತ್ತದೆಂದು ಗಡಕರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1844ರಲ್ಲಿ ಸಾಮಾನಗಡ, ಭುದರಗಡಗಳ ಬಾಗಿಲು ಮುಚ್ಚಿದರು. ಕೊಲ್ಹಾಪುರವೂ ಎದ್ದಿತು. ಅಕ್ಟೋಬರಿನಲ್ಲಿ ಇಂಗ್ಲಿಷ್ ಪಡೆ ತೋಪಿಟ್ಟು ಸಾಮಾನಗಡ ಹಿಡಿಯಿತು. ಶಾಲೆಯ ಪುಸ್ತಕಗಳಲ್ಲಿ ಇದು ಸ್ವಾತಂತ್ರ್ಯದ ಬಂಡಾಯ. ಅದು ಸರಿಯೇ, ಆದರೆ ಆ ಬಂಡಾಯದ ಬುಡದಲ್ಲಿ ಒಂದು ಜಮೀನು ರಜಿಸ್ಟರ್ ಇತ್ತೆಂಬುದನ್ನೂ ಮಕ್ಕಳಿಗೆ ಹೇಳಬೇಕು.

ಸಾಲದ ಕಾಗದದ ಕಥೆಯೂ ಹೀಗೆಯೇ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ಮನೆಗೆ ನುಗ್ಗಿದಾಗ ಮೊದಲು ಕೇಳಿದ್ದು ರೋಖೆಗಳನ್ನು, ಸಾಲದ ಪತ್ರಗಳನ್ನು. ಸಿಕ್ಕಿದ್ದನ್ನು ಸುಟ್ಟರು. ತಾವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆ ಎಂದು ಓದಲಾಗದವರು ಇನ್ನೇನು ಮಾಡಿಯಾರು? 1879ರ ದಖನ್ ರೈತರ ಪರಿಹಾರ ಕಾಯ್ದೆ ಅದಕ್ಕೆ ಒಂದು ಉಪಾಯ ಹೂಡಿತು. ರೈತ ಬರೆದುಕೊಡುವ ಪತ್ರವನ್ನು ಹಳ್ಳಿಯ ರಜಿಸ್ಟ್ರಾರನ ಎದುರಿಗೇ ಬರೆಯಬೇಕು, ಅದನ್ನು ಅವನಿಗೆ ಓದಿ ಹೇಳಬೇಕು. ಸಂಸ್ಥಾನದ ನಮ್ಮ ಸೀಮೆ ಆ ಕಾಯ್ದೆಯ ಹೊರಗಿತ್ತು, ಆದರೆ ಕಷ್ಟ ಒಂದೇ. ಇಲ್ಲಿನ ಹಳೆಯ ಕಾಗದಗಳಲ್ಲಿ ನಾನು ಹೆಚ್ಚು ಅಂಜುವುದು ಮುದ್ದತ್ ಖರೇದಿಗೆ. ಐದು ವರ್ಷದಲ್ಲಿ ಹಣ ತಿರುಗಿಸಿದರೆ ಹೊಲ ವಾಪಸ್, ಇಲ್ಲದಿದ್ದರೆ ಖರೇದಿ ಕಾಯಂ ಎಂಬ ಕರಾರು ಅದು. ಎಷ್ಟೋ ಕಡೆ ‘ವಾಪಸ್’ ಎಂಬ ಮಾತು ಖರೇದಿ ಖತದಲ್ಲಿ ಇರುವುದೇ ಇಲ್ಲ, ಬೇರೊಂದು ಚೀಟಿಯಲ್ಲಿ ಅಥವಾ ಬಾಯಿಮಾತಿನಲ್ಲಿ. 1929ರ ತಿದ್ದುಪಡಿಯ ನಂತರ ಆ ಷರತ್ತು ಅದೇ ದಸ್ತಿನಲ್ಲಿ ಇಲ್ಲದಿದ್ದರೆ ಅದು ಗಹಾಣ (ಅಡವು) ಎನಿಸುವುದಿಲ್ಲ. ಚೀಟಿ ನಂಬಿದವನ ಹೊಲ ಹೋಯಿತು. ನಜರ ಗಹಾಣದಲ್ಲಿ ಹೊಲ ಸಾಲಗಾರನ ಕೈಯಲ್ಲೇ ಇರುತ್ತದೆ. ತಾಬೆ ಗಹಾಣದಲ್ಲಿ ಸಾವುಕಾರ ಉಳುತ್ತಾನೆ, ಬೆಳೆ ಉಣ್ಣುತ್ತಾನೆ. ಇಂಥ ತಾಬೆ ಗಹಾಣ ಬಿಡಿಸಿಕೊಳ್ಳುವ ಹಕ್ಕಿಗೆ ವರ್ಷದ ಗಡುವು ಹಚ್ಚಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ಅಷ್ಟರಲ್ಲಿ ಕೈಬಿಟ್ಟು ಕುಳಿತ ಮನೆತನಗಳನ್ನು ನಾನು ಬಲ್ಲೆ.

ಕುಲಕರ್ಣಿಯ ಮನೆಯಿಂದ ದಫ್ತರವನ್ನು ಹೊರಗೆ ತಂದವರು ಕೊಲ್ಹಾಪುರದ ದೊರೆ ಶಾಹೂ ಮಹಾರಾಜರು. 1918ರಲ್ಲಿ ಕುಲಕರ್ಣಿ ವತನ ರದ್ದು ಮಾಡಿ, ಸಂಬಳದ ತಲಾಠಿಗಳನ್ನು ನೇಮಿಸಿದರು. ಅದೇ ವರ್ಷ ಮಹಾರ ವತನವನ್ನೂ ತೆಗೆದು, ಆ ಜಮೀನುಗಳನ್ನು ಚಾಕರಿಯ ಕಟ್ಟಿನಿಂದ ಬಿಡಿಸಿ, ಉಳುವ ಮಹಾರರ ಹೆಸರಿಗೆ ರಯತಾವಾ ಮಾಡಿದರು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳಿಗೆ ಪೂರ್ಣ ಮುಕ್ತಾಯ ಬಂದದ್ದು 1950ರ ಕಾಯ್ದೆಯಿಂದ, ಕೆಳದರ್ಜೆಯ ವತನಗಳಿಗೆ 1958ರ ಕಾಯ್ದೆಯಿಂದ. ಅಂದರೆ ಕೊಲ್ಹಾಪುರ ಮೂವತ್ತು ನಲವತ್ತು ವರ್ಷ ಮುಂದಿತ್ತು. ಶಾಹೂ ಎಂದರೆ ಮೀಸಲಾತಿ, ವಸತಿಗೃಹ, ರಾಧಾನಗರಿ ಧರಣ ಎಂದು ಎಲ್ಲರೂ ಹೇಳುತ್ತಾರೆ. ನನ್ನ ವೃತ್ತಿಯವನಿಗೆ ಅವರ ಈ ಕೆಲಸ ಅಷ್ಟೇ ದೊಡ್ಡದು. ಲೆಕ್ಕ ಬರೆಯುವ ಕೈ ಹುಟ್ಟಿನಿಂದ ಬರಬೇಕಿಲ್ಲ, ಕಲಿತು ಬರಬಹುದು ಎಂದದ್ದರಿಂದ, ಬೇರೆ ಬೇರೆ ಜಾತಿಯ ಹುಡುಗರು ತಲಾಠಿಗಳಾಗಿ ಊರ ಚಾವಡಿಯಲ್ಲಿ ಕುಳಿತರು. ಫಸಲಿ 1328ರ ಈಚೆಗಿನ ಕಾಗದಗಳಲ್ಲಿ ಕೈಬರಹ ಬದಲಾಗುವುದನ್ನು ಕಣ್ಣಾರೆ ಕಾಣಬಹುದು: ತಲೆಮಾರುಗಳ ಒಂದೇ ಮೋಡಿಯ ತಿರುವು ನಿಂತು, ನಾಲ್ಕು ಐದು ವರ್ಷಕ್ಕೊಮ್ಮೆ ಹೊಸ ಕೈ, ಹೊಸ ಶಾಯಿ.

1949ರ ಮಾರ್ಚ್ 1ಕ್ಕೆ ಕೊಲ್ಹಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದರೊಳಗಿದ್ದ ಇಚಲಕರಂಜಿ ಜಹಾಗೀರೂ ಹೋಯಿತು. ನಾರೋ ಮಹಾದೇವ ಜೋಶಿ ಎಂಬವನು ಕಾಪಶಿಯ ಸಂತಾಜಿ ಘೋರ್ಪಡೆಯ ಮೇಲಿನ ಅಭಿಮಾನಕ್ಕೆ ಅವನ ಅಡ್ಡಹೆಸರನ್ನೇ ಇಟ್ಟುಕೊಂಡು ಕಟ್ಟಿದ ಮನೆತನ ಅದು. ಸಂಸ್ಥಾನ, ಜಹಾಗೀರುಗಳ ಬಗೆಬಗೆಯ ದಾಖಲೆಗಳ ಜಾಗಕ್ಕೆ ಇಡೀ ರಾಜ್ಯಕ್ಕೆ ಒಂದೇ ಆದ ಗಾಂವ ನಮುನೆಗಳು ಬಂದವು: ಹಕ್ಕು ಹೇಳುವ ನಮುನೆ 7, ಬೆಳೆ ಹೇಳುವ ನಮುನೆ 12, ಎರಡೂ ಸೇರಿ ಸಾತ್‌ಬಾರಾ. ಖಾತೆ ಹೇಳುವುದು 8-ಅ. ಬದಲಾವಣೆ ಬರೆಯುವುದು ನಮುನೆ 6, ಫೇರಫಾರ. ನಮ್ಮ ಕಡೆ ಜನರ ಬಾಯಲ್ಲಿ ಡೈರಿ. ‘ಡೈರಿ ಆಗೇತೇನ್ರಿ?’ ಎಂದರೆ ಹೆಸರು ಬದಲಾಯಿತೇ ಎಂದು.

ಒಂದು ಉತಾರವನ್ನು, ಅಂದರೆ ಸಾತ್‌ಬಾರಾದ ಪ್ರತಿಯನ್ನು, ಹೇಗೆ ಓದುತ್ತೇನೆಂದು ಹೇಳುತ್ತೇನೆ. ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿ, ಹಿರಣ್ಯಕೇಶಿ ದಂಡೆಯ ಕಬ್ಬಿನ ಹೊಲ, ಕೈಬರಹದ ಹಳೆಯ ಸಾತ್‌ಬಾರಾ ಎಂದಿಟ್ಟುಕೊಳ್ಳಿ. ಮೇಲೆ ಗಟ್ ನಂಬರ. ಅದು 1947ರ ಏಕತ್ರೀಕರಣ ಕಾಯ್ದೆಯ ಕೂಸು. ಅದಕ್ಕೂ ಹಿಂದೆ ಹೋಗಬೇಕಾದರೆ ಹಳೆಯ ಸರ್ವೆ ನಂಬರ, ಪೋಟ ಹಿಸ್ಸೆ ಹುಡುಕಬೇಕು. ಪಕ್ಕದಲ್ಲಿ ‘ಭೋಗವಟಾದಾರ ವರ್ಗ 1’ ಎಂದಿದ್ದರೆ ಉಸಿರು ಹಗುರ, ‘ವರ್ಗ 2’ ಎಂದಿದ್ದರೆ ಮಾರಲು ಸರಕಾರದ ಅಪ್ಪಣೆ ಬೇಕು. ಹೆಸರುಗಳ ಕಾಲಮಿನಲ್ಲಿ ಅಜ್ಜನ ಹೆಸರು ಅಳಿಸಿರುವುದಿಲ್ಲ, ಅದರ ಸುತ್ತ ಕಂಸ ಇರುತ್ತದೆ. ಸತ್ತವರೂ ಮಾರಿದವರೂ ಕಂಸದೊಳಗೆ ಉಳಿಯುತ್ತಾರೆ. ಪ್ರತಿ ಹೆಸರಿನ ಮಗ್ಗುಲಲ್ಲಿ ದುಂಡಗೆ ಗೆರೆ ಸುತ್ತಿದ ಒಂದು ಅಂಕಿ. ಅದು ಡೈರಿ ನಂಬರ. ಆ ನಂಬರ ಹಿಡಿದು ಆರನೇ ನಮುನೆಗೆ ಹೋಗಬೇಕು. ಅಲ್ಲಿ ತಲಾಠಿ ಬರೆದ ಕಚ್ಚಾ ನೋಂದ, ಚಾವಡಿಗೆ ನೋಟೀಸು ಅಂಟಿಸಿದ ತಾರೀಖು, ಹದಿನೈದು ದಿನ ತಕರಾರಿನ ಅವಕಾಶ, ಕಡೆಗೆ ಸರ್ಕಲ್‌ನ ‘ಮಂಜೂರ’ ಮತ್ತು ಸಹಿ. ಮಂಜೂರಿ ಇಲ್ಲದ ನೋಂದಕ್ಕೆ ಬೆಲೆಯಿಲ್ಲ. ಪಾಲು ಬರೆದದ್ದು ಆಣೆಯಲ್ಲಿ: ಇಡೀ ಹೊಲ ಹದಿನಾರು ಆಣೆ, ಆರು ವಾರಸುದಾರರಿದ್ದರೆ ತಲೆಗೆ 2 ಆಣೆ 8 ಪೈ.

ಇನ್ನು ಹೆಸರಿನ ಹಿಂದೆ ಬರುವ ಮೂರು ನಾಲ್ಕು ಗುಟ್ಟಿನ ಅಕ್ಷರಗಳು. ಅ.ಪಾ.ಕ. ಎಂದರೆ ಚಿಕ್ಕವರ ಪರವಾಗಿ ಪಾಲನಕರ್ತ. ಏ.ಕು.ಮ್ಯಾ. ಎಂದರೆ ಏಕತ್ರ ಕುಟುಂಬ ಮ್ಯಾನೇಜರ. ಈ ಕಡೆಯ ಭೂಮಿಯ ವ್ಯಾಜ್ಯಗಳಲ್ಲಿ ಎಷ್ಟೋ ಪಾಲು ಹುಟ್ಟಿದ್ದು ಈ ಮೂರಕ್ಷರದಿಂದ. ಅಪ್ಪ ಸತ್ತಾಗ ಹಿರಿಯ ಮಗನ ಹೆಸರು ಮ್ಯಾನೇಜರನೆಂದು ಹತ್ತಿತು, ತಮ್ಮಂದಿರ ಹೆಸರು ಬರೆಯಲಿಲ್ಲ. ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು, ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ಮುಂದೊಮ್ಮೆ ಹೊಸ ಪುಸ್ತಕಕ್ಕೆ ನಕಲು ಮಾಡುವಾಗ ಆ ಮೂರಕ್ಷರ ಬಿಟ್ಟುಹೋಯಿತು. ಹಿರಿಯನ ಮಕ್ಕಳ ಕಣ್ಣಿಗೆ ಹೊಲ ಅಪ್ಪನೊಬ್ಬನದೇ. ಉತಾರ ಎಂಬುದು ಸಾರಾ ವಸೂಲಿಯ ದಾಖಲೆ, ಅದರಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟು ಸಲ ಹೇಳಿದರೂ, 1966ರ ಮಹಾರಾಷ್ಟ್ರ ಜಮೀನು ಮಹಸೂಲ ಸಂಹಿತೆಯ 157ನೇ ಕಲಮು ಸುಳ್ಳೆಂದು ಸಾಬೀತಾಗುವವರೆಗೆ ನೋಂದವನ್ನು ಖರೆ ಎಂದೇ ಹಿಡಿಯುತ್ತದೆ. ಸುಳ್ಳೆಂದು ಸಾಬೀತು ಮಾಡುವ ಭಾರ, ಹೆಸರಿಲ್ಲದ ತಮ್ಮನ ಮೊಮ್ಮಗನ ಮೇಲೆ. ಅವನು ಏ.ಕು.ಮ್ಯಾ. ಇದ್ದ ಹಳೆಯ ಡೈರಿಯ ನಕಲು ಹುಡುಕಿಕೊಂಡು ನನ್ನ ಹತ್ತಿರ ಬರುತ್ತಾನೆ. ಕೆಲವರಿಗೆ ಸಿಗುತ್ತದೆ. ಕೆಲವರ ಪುಟವನ್ನು ಗೆದ್ದಲು ತಿಂದಿರುತ್ತದೆ.

1956ರ ನವೆಂಬರ್ 1 ಮತ್ತೊಂದು ತೊಡಕು ತಂದಿತು. ಬೆಳಗಾವಿ ಜಿಲ್ಲೆ ಮೈಸೂರಿಗೆ ಹೋಗುವಾಗ ಅದರ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲಿ ಉಳಿದು ಕೊಲ್ಹಾಪುರ ಜಿಲ್ಲೆಗೆ ಸೇರಿತು. ರಾಯಬಾಗ ಅದಕ್ಕೆ ತಿರುವು ಮುರುವು: ಸಂಸ್ಥಾನ ಕಾಲದಲ್ಲಿ ಕೊಲ್ಹಾಪುರದ್ದಾಗಿದ್ದು, ಇಂದು ಬೆಳಗಾವಿಯದು. ಚಂದಗಡದ ಮನೆತನ ಅಜ್ಜನ ಕಾಗದ ಹುಡುಕಲು ಬೆಳಗಾವಿಯ ಕಡೆ ನೋಡಬೇಕು, ರಾಯಬಾಗದ ಮನೆತನ ದರಬಾರಿನ ಕಾಲದ ಕಾಗದಕ್ಕೆ ಕೊಲ್ಹಾಪುರದ ಪುರಾಭಿಲೇಖಾಗಾರದ ಕಡೆ. ಗಡಹಿಂಗ್ಲಜದಿಂದ ಗಡಿಯಾಚೆಯ ಸಂಕೇಶ್ವರಕ್ಕೆ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಅಣ್ಣನ ಹೊಲದ ಕಾಗದ ಪಹಣಿ, ತಮ್ಮನದು ಸಾತ್‌ಬಾರಾ. ಮರಾಠಿ ದಾಖಲೆ ಕನ್ನಡ ಕೋರ್ಟಿಗೆ ಹೋಗಬೇಕಾದರೆ ಅನುವಾದ, ಪ್ರಮಾಣಪತ್ರ, ಮತ್ತೊಂದು ತಾರೀಖು. ಗಡಿಯ ಬಗ್ಗೆ ಎರಡೂ ಕಡೆ ಭಾಷಣ ಸಾಕಷ್ಟಾಗಿದೆ. ಎರಡೂ ಸರಕಾರಗಳು ಕೂಡಿ ಈ ಹಳೆಯ ಪುಟಗಳನ್ನು ಎರಡೂ ಕಡೆ ಸಿಗುವಂತೆ ಮಾಡಿದ್ದರೆ ಗಡಿಯ ಜನರಿಗೆ ಹೆಚ್ಚು ಉಪಕಾರವಾಗುತ್ತಿತ್ತು.

1957ರ ಏಪ್ರಿಲ್ 1, ಕೃಷಿಕರ ದಿನ. 1948ರ ಕುಳ (ಗೇಣಿದಾರ) ಕಾಯ್ದೆಯಡಿ ಉಳುವವನೇ ಖರೇದಿದಾರನೆಂದು ಹಿಡಿದ ದಿನ ಅದು. ಆದರೆ ಆ ದಿನ ಉತಾರದಲ್ಲಿ ಕುಳನೆಂದು ಹೆಸರಿದ್ದವನಿಗೆ ಮಾತ್ರ ದಾರಿ ಸಲೀಸಾಯಿತು. 32-ಜಿ ಪ್ರಕಾರ ಬೆಲೆ ನಿಶ್ಚಯ, ಕಂತು ತುಂಬಿದ ಮೇಲೆ 32-ಎಂ ಸರ್ಟಿಫಿಕೇಟು, ಉತಾರದ ಮೇಲೆ ‘ಕಲಮು 43ಕ್ಕೆ ಅಧೀನ’ ಎಂಬ ಮೊಹರು. ಬಾಯಿಮಾತಿನ ಮೇಲೆ ಮೂರು ತಲೆಮಾರು ಉತ್ತವನು ಬರಿಗೈಯಲ್ಲಿ ನಿಂತ.

ರಜಿಸ್ಟ್ರಿ ಆಫೀಸಿನ ವಿಷಯ ಬೇರೆ. ಸಂಸ್ಥಾನಕ್ಕೆ ತನ್ನದೇ ರಜಿಸ್ಟ್ರಿ ಇತ್ತು. ವಿಲೀನದ ನಂತರ 1908ರ ಭಾರತದ ನೋಂದಣಿ ಕಾಯ್ದೆ ಇಲ್ಲಿಗೂ ಬಂತು. ಸ್ಥಿರಾಸ್ತಿಯ ದಸ್ತುಗಳು ಪುಸ್ತಕ 1ರಲ್ಲಿ, ಹೆಸರಿನ ಸೂಚಿ ಇಂಡೆಕ್ಸ್ 1, ಆಸ್ತಿಯ ಸೂಚಿ ಇಂಡೆಕ್ಸ್ 2. ಈ ಕಾಯ್ದೆಯ 57ನೇ ಕಲಮನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಫೀ ತುಂಬಿದ ಯಾರು ಬೇಕಾದರೂ ಪುಸ್ತಕ 1 ಮತ್ತು ಅದರ ಸೂಚಿಗಳನ್ನು ನೋಡಬಹುದು, ನಕಲು ಪಡೆಯಬಹುದು. ನೀನು ಯಾರು, ಈ ಹೊಲಕ್ಕೂ ನಿನಗೂ ಏನು ಸಂಬಂಧ ಎಂದು ಕೇಳುವಂತಿಲ್ಲ. ಬಸದಿಯ ಕಲ್ಲು ಎಲ್ಲರಿಗೂ ಕಾಣುವಂತೆ ನಿಂತಿದ್ದ ಗುಣ ಎಂಟು ಶತಮಾನದ ಮೇಲೆ ಇಲ್ಲಿ ಕಾನೂನಾಗಿ ಬಂದಿದೆ. ಸರ್ಚ್ ಮೂವತ್ತೇ ವರ್ಷಕ್ಕೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು: 1908ರ ಅವಧಿ ಕಾಯ್ದೆಯಲ್ಲಿ ಗಹಾಣ ಬಿಡಿಸಿಕೊಳ್ಳಲು ಅರವತ್ತು ವರ್ಷ ಇತ್ತು, 1963ರ ಕಾಯ್ದೆ ಅದನ್ನು ಮೂವತ್ತಕ್ಕೆ ಇಳಿಸಿತು. ನಾನು ಅನುಮಾನ ಬಂದ ಕಡೆ ಇಂದಿಗೂ ಅರವತ್ತಕ್ಕೆ ಹೋಗುತ್ತೇನೆ.

ಈ ತೆರೆದ ಪುಸ್ತಕದಲ್ಲೂ ಕಾಣದ ಸಾಲವೊಂದಿತ್ತು. ಅದನ್ನು ನಾನು ಕಲಿತದ್ದು ಇಚಲಕರಂಜಿಯಲ್ಲಿ. 1904ರಲ್ಲಿ ವಿಠ್ಠಲರಾವ ದಾತಾರ ಅಲ್ಲಿ ಮೊದಲ ಯಂತ್ರಮಗ್ಗ ಹೂಡಿದರು, ಜಹಾಗೀರದಾರ ನಾರಾಯಣರಾವ ಬಾಬಾಸಾಹೇಬರು ಬೆನ್ನಿಗೆ ನಿಂತರು, ಊರು ಮಗ್ಗದ ಊರಾಯಿತು. ಅಲ್ಲಿ ಹೊಲದ ಉತಾರಕ್ಕಿಂತ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಮುಖ್ಯ: ಧಾರಕನ ಹೆಸರು, ಚೌರಸ ಮೀಟರ, ಕೊನೆಗೆ ‘ಇತರ ಭಾರ’. ಮುಂದೆ ಶೆಡ್ಡು, ಹಿಂದೆ ಮನೆ. ನಾಲ್ಕು ಮಗ್ಗ ಎಂಟಾಗಬೇಕಾದರೆ ಮೂಲ ಖರೇದಿ ಖತವನ್ನು ಸಾಲ ಕೊಟ್ಟವರ ಕೈಗಿಟ್ಟರೆ ಮುಗಿಯಿತು. ಹಕ್ಕುಪತ್ರ ಒಪ್ಪಿಸಿ ಮಾಡುವ ಈ ಗಹಾಣಕ್ಕೆ ರಜಿಸ್ಟ್ರಿ ಕಡ್ಡಾಯವಿರಲಿಲ್ಲ. ಇಂಡೆಕ್ಸ್ 2 ತಿರುವಿದರೆ ಏನೂ ಸಿಗುವುದಿಲ್ಲ, ಕಾರ್ಡೂ ಸ್ವಚ್ಛ, ಆದರೆ ಕಾಗದ ಬೇರೆಯವರ ತಿಜೋರಿಯಲ್ಲಿ. ಆದ್ದರಿಂದ ಮೂಲ ಖತವನ್ನು ಕಣ್ಣಾರೆ ನೋಡದೆ, ಝೆರಾಕ್ಸ್ ನೋಡಿ ಸರ್ಚ್ ರಿಪೋರ್ಟಿಗೆ ಸಹಿ ಮಾಡಬಾರದು ಎಂಬುದು ನನ್ನ ಕೈಕೆಳಗಿನ ಹುಡುಗರಿಗೆ ಮೊದಲ ಪಾಠ. 2011ರಲ್ಲಿ ಕೇಂದ್ರದ ಸೆರ್ಸಾಯಿ ನೋಂದಣಿ ಬಂತು, 2013ರಿಂದ ಮಹಾರಾಷ್ಟ್ರದಲ್ಲಿ ಇಂಥ ಗಹಾಣದ ತಿಳಿವಳಿಕೆ ಪತ್ರವನ್ನು ರಜಿಸ್ಟ್ರಿ ಆಫೀಸಿಗೆ ಸಲ್ಲಿಸುವ ಕಟ್ಟಳೆ ಬಂತು. ಕತ್ತಲಿದ್ದ ಮೂಲೆಗೆ ಸ್ವಲ್ಪ ಬೆಳಕು ಬಿತ್ತು.

ಹೊಲದ ಸಾಲ ಇದಕ್ಕಿಂತ ಬಹಿರಂಗ. ಹಳ್ಳಿಯ ಸೊಸಾಯಟಿಯಿಂದ ಕಬ್ಬಿಗೆ ಸಾಲ ಎತ್ತುವ ರೈತ ‘ಇ ಕರಾರ’ ಬರೆದುಕೊಡುತ್ತಾನೆ. 1960ರ ಸಹಕಾರಿ ಸಂಸ್ಥೆಗಳ ಕಾಯ್ದೆಯ 48ನೇ ಕಲಮಿನ ಪ್ರಕಾರ ಅದು ಉತಾರದ ‘ಇತರ ಹಕ್ಕ’ ಕಾಲಮಿನಲ್ಲಿ ಬೋಜಾ ಆಗಿ ಏರುತ್ತದೆ. ಬೋಜಾ ಏರುವುದು ಬೇಗ, ಇಳಿಯುವುದು ತಡ. ಸಾಲ ತೀರಿಸಿದವನಿಗೆ ಬೇಬಾಕಿ ದಾಖಲೆ ಕೈಗೆ ಸಿಕ್ಕರೆ ಸಮಾಧಾನ, ಅದನ್ನು ಚಾವಡಿಗೆ ಒಯ್ದು ಡೈರಿ ಮಾಡಿಸಬೇಕೆಂದು ಹೇಳುವವರಿಲ್ಲ. ಅಜ್ಜ ಎತ್ತಿದ ಐನೂರು ರೂಪಾಯಿ ತಗಾವಿ ಸಾಲ ಮೊಮ್ಮಗನ ಉತಾರದಲ್ಲಿ ಹಾಗೇ ಕುಳಿತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಭೂವಿಕಾಸ ಬ್ಯಾಂಕುಗಳ ಕಥೆ ಇನ್ನೂ ದುಃಖದ್ದು. ಬಾವಿ, ಪೈಪಲೈನು, ಮೋಟಾರಿಗೆ ಸಾಲ ಕೊಟ್ಟ ಆ ಬ್ಯಾಂಕುಗಳೇ ಮುಚ್ಚಿದವು. ಬ್ಯಾಂಕು ಸತ್ತರೂ ಬೋಜಾ ಬದುಕಿತ್ತು. ಹೊಸ ಸಾಲಕ್ಕೆ ಹೋದವನಿಗೆ ಹಳೆಯ ಬ್ಯಾಂಕಿನ ಬೇಬಾಕಿ ತಾ ಎಂದರೆ ಅವನು ಯಾರ ಬಾಗಿಲಿಗೆ ಹೋಗಬೇಕು? 2022ರಲ್ಲಿ ರಾಜ್ಯ ಸರಕಾರ ಆ ಸಾಲಗಳನ್ನು ಮನ್ನಾ ಮಾಡಿದ ಮೇಲೆ ಆ ಹೊಲಗಳ ಬೋಜಾ ಇಳಿಯುವ ದಾರಿ ತೆರೆಯಿತು.

2023ರಲ್ಲಿ ಕುಣಬಿ ಜಾತಿಯ ದಾಖಲೆ ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಬಂದಾಗ, ಮೋಡಿ ಓದಬಲ್ಲವರನ್ನು ಕಚೇರಿಗಳು ಹುಡುಕಾಡಿದವು. ದಫ್ತರಗಳ ಗಂಟು ಬಿಚ್ಚಿದವು, ಧೂಳು ಝಾಡಿಸಿದರು. ಜಾತಿಯ ಕಾಲಮಿಗಾಗಿ ಬಿಚ್ಚಿದ ಆ ಗಂಟುಗಳಲ್ಲಿ ಸಾವಿರಾರು ಮನೆತನಗಳ ಹೊಲದ ಹಕ್ಕೂ ಇದೆ. ಬಿಚ್ಚಿದವರು ಅದನ್ನೂ ಸ್ಕ್ಯಾನ್ ಮಾಡಿ, ಊರುವಾರು ಸೂಚಿ ಮಾಡಿಡಬೇಕೆಂದು ನಾನು ಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತ ಬಂದಿದ್ದೇನೆ.

ಡಿಜಿಟಲ್ ಸಹಿಯ ಉತಾರ ಬರುವ ಮೊದಲು ಒಂದು ಒಳ್ಳೆಯ ಕೆಲಸ ನಡೆಯಿತು. ಕೈಬರಹದ ಸಾತ್‌ಬಾರಾವನ್ನು ಕಂಪ್ಯೂಟರಿಗೆ ಏರಿಸಿದಾಗಿನ ತಪ್ಪು ತಿದ್ದಲು 2017ರಲ್ಲಿ ಹಳ್ಳಿಹಳ್ಳಿಯಲ್ಲಿ ಚಾವಡಿ ವಾಚನ ನಡೆಸಿದರು. ಪ್ರತಿಯೊಂದು ಉತಾರವನ್ನೂ ಜನರ ಮುಂದೆ ಗಟ್ಟಿಯಾಗಿ ಓದುವುದು, ತಪ್ಪಿದ್ದರೆ ಅಲ್ಲೇ ಹೇಳುವುದು. 2018ರ ಮೇ 1ರಿಂದ ಡಿಜಿಟಲ್ ಸಹಿಯ ಸಾತ್‌ಬಾರಾ ಬಂತು. ಚಾವಡಿ ವಾಚನಕ್ಕೆ ನಾನು ಹೋದ ಕನ್ನಡದ ಹಳ್ಳಿಯಲ್ಲಿ ತಲಾಠಿ ಮರಾಠಿಯಲ್ಲಿ ಓದುತ್ತಿದ್ದ, ಕಟ್ಟೆಯ ಮೇಲಿದ್ದ ಒಬ್ಬ ಮಾಸ್ತರರು ಕನ್ನಡದಲ್ಲಿ ಹೇಳುತ್ತಿದ್ದರು. ಸಾಮಾಯಿಕ ಹೊಲವೊಂದರ ಹೆಸರುಗಳು ಮುಗಿದಾಗ ಹಿಂದೆ ಕುಳಿತಿದ್ದ ಅರವತ್ತರ ಆಸುಪಾಸಿನ ಹೆಣ್ಣುಮಗಳು ಎದ್ದು ಕೇಳಿದಳು:

‘ನನ್ನ ಹೆಸರ ಎಲ್ಲಿ ಓದಿದ್ರಿ ಅಣ್ಣಾ?’

‘ನಿಮ್ಮ ಹೆಸರ ಇದರಾಗ ಇಲ್ಲ ಅಕ್ಕಾ.’

‘ಯಾಕ ಇಲ್ಲ? ಅವರ ಅಪ್ಪ ನನಗೂ ಅಪ್ಪನ ಅಲ್ಲೇನು?’

ತವರಿನ ಹೊಲದಲ್ಲಿ ಹೆಣ್ಣುಮಕ್ಕಳ ಹೆಸರು ವಾರಸಾ ನೋಂದದಲ್ಲಿ ಬರುವುದು, ಮರುವಾರವೇ ಹಕ್ಕಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಕಂಸ ಹಾಕಿಸುವುದು, ಇದು ನಮ್ಮ ಕಡೆಯ ರೂಢಿ. ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು 1994ರಲ್ಲೇ, ಕೇಂದ್ರ 2005ರಲ್ಲಿ ಮಗಳನ್ನು ಸಮಪಾಲಿಗೆ ತಂದವು. 1992ರ ಲಕ್ಷ್ಮೀ ಮುಕ್ತಿ ಯೋಜನೆ ಹೆಂಡತಿಯ ಹೆಸರನ್ನು ಗಂಡನ ಉತಾರಕ್ಕೆ ತರಲು ನೋಡಿತು. ರಜಿಸ್ಟ್ರಿ ಆಫೀಸಿನ ವೆರಾಂಡಾದಲ್ಲಿ ಹಕ್ಕು ಬಿಡಲು ಬಂದ ಅಕ್ಕತಂಗಿಯರಿಗೆ ಅಣ್ಣ ಸೀರೆ ಉಡಿಸಿ ಕರೆತಂದಿರುತ್ತಾನೆ. ನಾನು ಅವರಿಗೆ ಪತ್ರ ಓದಿ ಹೇಳದೆ ಒತ್ತಿಸುವುದಿಲ್ಲ. ಓದಿದ ಮೇಲೂ ಬಹಳ ಮಂದಿ ಒತ್ತುತ್ತಾರೆ, ತವರು ಮುರಿಯಬಾರದೆಂದು. ಅದು ಅವರ ನಿರ್ಣಯ. ಆದರೆ ಈಕೆ ಯಾವ ಪತ್ರಕ್ಕೂ ಒತ್ತಿರಲಿಲ್ಲ. ಅಪ್ಪ ಸತ್ತಾಗ ವಾರಸಾ ಅರ್ಜಿಯಲ್ಲಿ ಅವಳ ಹೆಸರನ್ನೇ ಬಿಟ್ಟಿದ್ದರು.

ಅರ್ಜಿ ಬರೆದುಕೊಟ್ಟೆ. ತಲಾಠಿ ನೋಂದ ಹಿಡಿದ, ಅಣ್ಣಂದಿರು ತಕರಾರು ಹಾಕಿದರು, ವಿಷಯ ತಕರಾರಿ ನೋಂದವಹಿಗೆ ಹೋಯಿತು. ಮೇಲಿನ ಕಚೇರಿಯವರೆಗೂ ನಡೆದು, ಕೊನೆಗೆ ಅವಳ ಪರವಾಗಿ ಮಂಜೂರಾಯಿತು. ಮರುವರ್ಷ ಮುಂಗಾರಿಗೆ ಅವಳು ತನ್ನ ಪಾಲಿನ ಮೇಲೆ ಸೊಸಾಯಟಿಯಿಂದ ಬೆಳೆ ಸಾಲ ಎತ್ತಿದಳು. ಹೊಸ ಉತಾರ ತಂದು ನನ್ನ ಮೇಜಿನ ಮೇಲಿಟ್ಟು, ಇತರ ಹಕ್ಕ ಕಾಲಮಿನ ಮೇಲೆ ಬೆರಳಿಟ್ಟು ಓದಿ ಹೇಳು ಎಂದಳು. ಸೊಸಾಯಟಿಯ ಹೆಸರು, ಇ ಕರಾರ, ಸಾಲದ ಮೊತ್ತ, ಆಮೇಲೆ ಅವಳ ಪೂರ್ತಿ ಹೆಸರು ಓದಿದೆ. ‘ಇನ್ನೊಮ್ಮೆ ಓದು’ ಎಂದಳು. ಓದಿದೆ. ಸಾಲ ತೀರಿದ ದಿನ ಇದನ್ನು ಇಳಿಸಲು ಏನು ಮಾಡಬೇಕೆಂದು ಕೇಳಿದಳು. ಬೇಬಾಕಿ ತೆಗೆದುಕೊಂಡು ಅದೇ ವಾರ ಡೈರಿ ಮಾಡಿಸಬೇಕೆಂದು ಹೇಳಿ, ಯಾವ ಕಾಗದ ಬೇಕೆಂದು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟೆ.